ಸಿವಿಯರ್ ಆಸ್ತಮಾಗೆ ಯಾವ ಇಂಜೆಕ್ಷನ್, ಯಾವ ದಾರಿ? ಟ್ರಯಲ್‌ಗಳನ್ನ ಮುಂದಿಟ್ಕೊಂಡು ಆರಿಸೋದು ಹೇಗೆ

ದೊಡ್ಡ ಡೋಸ್ ಇನ್ಹೇಲರ್ ಎರಡು ಹೊತ್ತೂ ತಗೋತಿದ್ದಾರೆ, ಮಾಂಟೆಲುಕಾಸ್ಟ್ ಇದೆ, ಡೆರಿಫಿಲಿನ್ ಇದೆ, ಆದ್ರೂ ಒಂದೆರಡು ತಿಂಗಳಿಗೊಂದ್ಸಲ ರಾತ್ರಿ ದಮ್ಮು ಕಟ್ಟಿ ಎಮರ್ಜೆನ್ಸಿಗೆ ಓಡೋದು, ನೆಬ್ಯುಲೈಸರ್ ಹಾಕಿಸ್ಕೊಳ್ಳೋದು, ಐದು ದಿನ ವೈಸೊಲೋನ್ ಅನ್ನೋ ಸ್ಟೆರಾಯ್ಡ್ ಮಾತ್ರೆ ನುಂಗೋದು, ಸ್ವಲ್ಪ ದಿನ ಆರಾಮಾಗಿದ್ದು ಮತ್ತೆ ಅದೇ ಕಥೆ. ಇಂಥವರಿಗೆ ಈಗ ಚೆಸ್ಟ್ ಡಾಕ್ಟರ್‌ಗಳು ಬಯೋಲಾಜಿಕ್ ಇಂಜೆಕ್ಷನ್ (ಆಸ್ತಮಾ ಕೆರಳಿಸೋ ಒಂದೊಂದು ಸಿಗ್ನಲ್‌ನ ಗುರಿ ಇಟ್ಟು ತಡೆಯೋ ಔಷಧಿ) ಬಗ್ಗೆ ಹೇಳ್ತಾರೆ. ಮನೆಗೆ ಬಂದು ಮೊಬೈಲಲ್ಲಿ ಹುಡುಕಿದ್ರೆ ಬಾಯಲ್ಲಿ ಹೊರಳದ ಐದಾರು ಹೆಸರು ಸಿಗುತ್ತೆ, ಒಮಾಲಿಜುಮ್ಯಾಬ್, ಮೆಪೊಲಿಜುಮ್ಯಾಬ್, ಬೆನ್ರಾಲಿಜುಮ್ಯಾಬ್, ಡುಪಿಲುಮ್ಯಾಬ್, ಟೆಜೆಪೆಲುಮ್ಯಾಬ್, ಹೆಚ್ಚುಕಮ್ಮಿ ಎಲ್ಲದರ ಮುಂದೆನೂ ಅಟ್ಯಾಕ್ ಅರ್ಧಕ್ಕೆ ಇಳಿಯುತ್ತೆ ಅಂತನೇ ಬರೆದಿರುತ್ತೆ, ರೇಟು ನೋಡಿದ್ರೆ ಎದೆ ಧಸಕ್ ಅನ್ನುತ್ತೆ, ಯಾವುದು ಬೆಸ್ಟು ಅಂತ ಯಾರನ್ನ ಕೇಳೋದು?

ನಮ್ಮಮ್ಮನಿಗೆ ಬಹಳ ವರ್ಷದಿಂದ ಆಸ್ತಮಾ, ಅವರ ಸಲುವಾಗೇ ನಾನು ಈ ಟ್ರಯಲ್ ಪೇಪರ್‌ಗಳನ್ನ, ಅಂದ್ರೆ ಔಷಧಿನ ಜನರಿಗೆ ಕೊಟ್ಟು ಪರೀಕ್ಷಿಸಿದ ವರದಿಗಳನ್ನ, ಓದೋಕೆ ಶುರು ಮಾಡಿದ್ದು. ನಾನು ಡಾಕ್ಟರ್ ಅಲ್ಲ, ಇದನ್ನ ಓದಿ ಯಾರೂ ಔಷಧಿ ಬದಲಾಯಿಸ್ಬೇಡಿ, ಡಾಕ್ಟರ್ ಮುಂದೆ ಕೂತಾಗ ಏನ್ ಕೇಳ್ಬೇಕು ಅಂತ ಗೊತ್ತಾಗ್ಲಿ ಅಂತ ಬರೀತಿದ್ದೀನಿ. ಓದಿ ಓದಿ ನನಗೆ ಗಟ್ಟಿಯಾಗಿ ಅನ್ಸಿರೋದು ಒಂದೇ: ಔಷಧಿಗಳನ್ನ ಒಂದಕ್ಕೊಂದು ಹೋಲಿಸೋಕೆ ಮೊದ್ಲು ನಿಮ್ಮ ಆಸ್ತಮಾ ಯಾವ ತರದ್ದು ಅಂತ ಗೊತ್ತಾಗ್ಬೇಕು. ಅದು ಗೊತ್ತಾದ್ರೆ ಆಯ್ಕೆ ಐದರಿಂದ ಎರಡಕ್ಕೆ ಇಳಿಯುತ್ತೆ, ಗೊತ್ತಿಲ್ದೆ ಚುಚ್ಚಿಸ್ಕೊಂಡ್ರೆ ಲಕ್ಷಗಟ್ಲೆ ದುಡ್ಡು ಹೋಗಿ ದಮ್ಮು ಹಾಗೇ ಉಳಿಯೋ ಸಾಧ್ಯತೆ ಇದೆ.

ಮೊದ್ಲು, ಇದು ನಿಜವಾಗ್ಲೂ ಸಿವಿಯರ್ರೇನಾ?

ಆಸ್ತಮಾ ಗೈಡ್‌ಲೈನ್ ಬರೆಯೋ ಜೀನಾ ಅನ್ನೋ ಅಂತಾರಾಷ್ಟ್ರೀಯ ಸಂಸ್ಥೆ ಎರಡು ವಿಷಯನ ಬೇರೆ ಬೇರೆ ಇಡುತ್ತೆ. ಮೀಡಿಯಂ ಇಲ್ಲಾ ದೊಡ್ಡ ಡೋಸ್ ಕೊಟ್ರೂ ಕಂಟ್ರೋಲಿಗೆ ಬರ್ದೇ ಇರೋದು ಒಂದು. ಇನ್ಹೇಲರ್ ಸರಿಯಾಗಿ ಎಳೆದು, ದಿನಾ ತಪ್ಪದೆ ತಗೊಂಡು, ಜೊತೆಗಿರೋ ಬೇರೆ ತೊಂದರೆನೆಲ್ಲ ಸರಿ ಮಾಡಿದ್ಮೇಲೂ ಬಗ್ಗದೇ ಇರೋದು ಇನ್ನೊಂದು, ಸಿವಿಯರ್ ಅನ್ನೋದು ಇದಕ್ಕೆ ಮಾತ್ರ. ನೆದರ್ಲೆಂಡ್ಸ್‌ನಲ್ಲಿ ಮಾಡಿದ ಒಂದು ಸ್ಟಡಿಯಲ್ಲಿ ಆಸ್ತಮಾ ಇರೋ ದೊಡ್ಡವರಲ್ಲಿ ಮೊದಲನೇ ಗುಂಪು ಸುಮಾರು ಶೇ. 17, ನಿಜವಾದ ಸಿವಿಯರ್ ಶೇ. 4ಕ್ಕೂ ಕಡಿಮೆ. ಅಂದ್ರೆ ಇಂಜೆಕ್ಷನ್ ಮಾತು ಬಂದವರಲ್ಲಿ ದೊಡ್ಡ ಭಾಗಕ್ಕೆ ಇಂಜೆಕ್ಷನ್ನೇ ಬೇಕಾಗಿರಲ್ಲ!

ಆದ್ದರಿಂದ ಮೊದಲ್ನೇ ಕೆಲಸ, ಡಾಕ್ಟರ್ ಅಥವಾ ಸಿಸ್ಟರ್ ಮುಂದೆನೇ ಇನ್ಹೇಲರ್ ಎಳೆದು ತೋರಿಸೋದು. ಪಫ್ ಇನ್ಹೇಲರ್ ಆದ್ರೆ ನಿಧಾನಕ್ಕೆ ಎಳೀಬೇಕು, ಸ್ಪೇಸರ್ ಹಾಕಿದ್ರೆ ಇನ್ನೂ ಒಳ್ಳೇದು, ಪೌಡರ್ ಅಂದ್ರೆ ರೋಟಾಕ್ಯಾಪ್ ಆದ್ರೆ ಜೋರಾಗಿ ಎಳೀಬೇಕು, ಎರಡೂ ಇರೋರು ಇದನ್ನ ಅದಲು ಬದಲು ಮಾಡ್ಕೊಂಡಿರ್ತಾರೆ. ಆಮೇಲೆ ನಮ್ಮ ಕಡೆ ಇನ್ನೂ ಇನ್ಹೇಲರ್ ಅಭ್ಯಾಸ ಆಗ್ಬಿಡುತ್ತೆ, ಮಾತ್ರೆನೇ ವಾಸಿ ಅಂತ ನಂಬ್ಕೊಂಡು ಸ್ಟೆರಾಯ್ಡ್ ಇನ್ಹೇಲರ್ ಪಕ್ಕಕ್ಕಿಟ್ಟು ಆ ಕ್ಷಣಕ್ಕೆ ಉಸಿರು ಬಿಡಿಸೋ ಅಸ್ತಾಲಿನ್ ಇನ್ಹೇಲರ್ ಮಾತ್ರ ಹೊಡ್ಕೊಳ್ಳೋರು ತುಂಬಾ ಜನ. 2019ರಿಂದ ಜೀನಾ ಬರೀ ಅಸ್ತಾಲಿನ್ ತರದ್ದರ ಮೇಲೆ ಇರ್ಬೇಡಿ ಅಂತ ಸ್ಪಷ್ಟವಾಗಿ ಹೇಳಿದೆ, ವರ್ಷಕ್ಕೆ 200 ಪಫ್‌ನ ಡಬ್ಬಿ ಮೂರು ಅಥವಾ ಜಾಸ್ತಿ ಖಾಲಿಯಾದ್ರೆ ಅಟ್ಯಾಕ್ ಅಪಾಯ ಜಾಸ್ತಿ, ತಿಂಗಳಿಗೊಂದು ಖಾಲಿಯಾದ್ರೆ ಸಾವಿನ ಅಪಾಯನೇ ಜಾಸ್ತಿ. ನಿಮ್ಮ ಮನೇಲಿ ಎಷ್ಟು ಖಾಲಿ ಡಬ್ಬಿ ಬಿದ್ದಿದೆ ಅಂತ ಒಂದ್ಸಲ ಎಣಿಸಿ ನೋಡಿ.

ಜೊತೆಗೆ ಮೂಗಲ್ಲಿ ಪಾಲಿಪ್ (ಒಳಗೆ ಬೆಳೆಯೋ ಮೆತ್ತಗಿನ ಗಂಟು) ಇದೆಯಾ, ಅಸಿಡಿಟಿ ಇದೆಯಾ, ತೂಕ ಜಾಸ್ತಿಯಾ, ಗೊರಕೆ ಹೊಡೆದು ರಾತ್ರಿ ಉಸಿರು ನಿಲ್ಲುತ್ತಾ, ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ಇದೆಯಾ, ಗ್ಲಾಕೋಮಾಗೆ ಟಿಮೊಲಾಲ್ ಡ್ರಾಪ್ಸ್ ಹಾಕ್ತಿದ್ದೀರಾ (ಕಣ್ಣಿನ ಹನಿಯಿಂದ ದಮ್ಮು ಬರುತ್ತೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ), ನೋವಿನ ಮಾತ್ರೆ ನುಂಗಿದ್ಮೇಲೆ ಉಬ್ಬಸ ಬರುತ್ತಾ, ಇವೆಲ್ಲ ನೋಡ್ಬೇಕು. ಮನೇಲಿ ಸೊಳ್ಳೆ ಬತ್ತಿ, ಊದಿನಕಡ್ಡಿ, ಸೌದೆ ಒಲೆ ಹೊಗೆ, ಖಾಲಿ ಸೈಟ್ ತುಂಬಾ ಕಾಂಗ್ರೆಸ್ ಗಿಡ, ಇದ್ಯಾವುದೂ ಇಂಜೆಕ್ಷನ್‌ನಿಂದ ಹೋಗಲ್ಲ.

ಮೂರು ಟೆಸ್ಟು, ಮತ್ತೆ ನಮ್ಮ ದೇಶಕ್ಕೇ ಬೇಕಾದ ಇನ್ನೆರಡು ಎಚ್ಚರಿಕೆ

ನಿಜವಾಗ್ಲೂ ಸಿವಿಯರ್ ಅಂತ ಗೊತ್ತಾದ್ಮೇಲೆ ಕೈಯಲ್ಲಿ ಮೂರು ನಂಬರ್ ಇರ್ಬೇಕು. ರಕ್ತದಲ್ಲಿ ಈಸಿನೊಫಿಲ್ (ಒಂದು ಜಾತಿಯ ಬಿಳಿ ರಕ್ತಕಣ) ಎಷ್ಟು ಅನ್ನೋದು ಮೊದಲ್ನೇದು, ಲ್ಯಾಬ್ ರಿಪೋರ್ಟಲ್ಲಿ ಎಇಸಿ ಅಂತ ಬರುತ್ತೆ, ಸಾದಾ ಬ್ಲಡ್ ಟೆಸ್ಟೇ, ರೇಟೂ ಕಡಿಮೆ. ಎರಡನೇದು ಒಟ್ಟು ಐಜಿಇ, ಅಂದ್ರೆ ಅಲರ್ಜಿಗೆ ಕಾರಣ ಆಗೋ ಆಂಟಿಬಾಡಿ, ಜೊತೆಗೆ ಧೂಳಿನ ಹುಳ, ಜಿರಳೆ, ಪರಾಗ, ಫಂಗಸ್ ಇವುಗಳಲ್ಲಿ ಯಾವುದಕ್ಕೆ ಅಲರ್ಜಿ ಅಂತ ಚರ್ಮದ ಟೆಸ್ಟೋ ರಕ್ತದ ಟೆಸ್ಟೋ. ಮೂರನೇದು ಫೀನೋ, ಒಂದು ಮಿಷಿನ್ನಿಗೆ ಊದಿದ್ರೆ ಉಸಿರಲ್ಲಿರೋ ನೈಟ್ರಿಕ್ ಆಕ್ಸೈಡ್ ಎಷ್ಟು ಅಂತ ತೋರಿಸುತ್ತೆ, ಇದು ದೊಡ್ಡ ಊರುಗಳ ದೊಡ್ಡ ಸೆಂಟರ್‌ಗಳಲ್ಲೇ ಜಾಸ್ತಿ ಸಿಗೋದು. ಊದಿಸಿ ಶ್ವಾಸಕೋಶದ ಶಕ್ತಿ ಅಳೆಯೋ ಸ್ಪೈರೋಮೆಟ್ರಿ ಹೇಗೂ ಆಗಿರ್ಬೇಕು, ಬೆಂಗಳೂರಲ್ಲಿ ಸರ್ಕಾರಿ ಜಾಗ ಬೇಕಂದ್ರೆ ರಾಜೀವ್ ಗಾಂಧಿ ಎದೆರೋಗ ಸಂಸ್ಥೆ ಇದೆ.

ಇಲ್ಲೊಂದು ಮುಖ್ಯ ವಿಷಯ. ಸ್ಟೆರಾಯ್ಡ್ ಮಾತ್ರೆ ತಗೊಳ್ತಿರುವಾಗ ಈಸಿನೊಫಿಲ್ ಕೆಳಗೆ ಬಿದ್ದಿರುತ್ತೆ, ಆಗ ಟೆಸ್ಟ್ ಮಾಡಿಸಿ 50 ಬಂತು ಅಂತ ಈ ಇಂಜೆಕ್ಷನ್ ನಿಮಗಲ್ಲ ಅಂದ್ಬಿಟ್ರೆ ಅನ್ಯಾಯ. ಸ್ಟೆರಾಯ್ಡ್ ಶುರು ಮಾಡೋ ಮುಂಚೆ, ಇಲ್ಲಾ ಕೋರ್ಸ್ ಮುಗಿದು ಒಂದೆರಡು ವಾರ ಕಳೆದ್ಮೇಲೆ ಮಾಡಿಸಿ, ಒಂದೇ ಸಲ ಅಲ್ಲ, ಬೇರೆ ಬೇರೆ ಟೈಮಲ್ಲಿ ಎರಡು ಮೂರು ಸಲ. ಹಳೇ ರಿಪೋರ್ಟ್‌ಗಳನ್ನ ಎಸೀಬೇಡಿ, ಎಂದೋ ಒಮ್ಮೆ 700 ಬಂದಿದ್ದ ಹಳೇ ಕಾಗದವೇ ನಿಮ್ಮ ಕೈಲಿರೋ ದೊಡ್ಡ ಸುಳಿವು ಆಗಿರ್ಬಹುದು.

ನಮ್ಮ ದೇಶದ ಎಚ್ಚರಿಕೆ ಒಂದು, ಈಸಿನೊಫಿಲ್ ಜಾಸ್ತಿ ಇದ್ದ ತಕ್ಷಣ ಅದು ಆಸ್ತಮಾದಿಂದನೇ ಅಂತ ಅಂದ್ಕೋಬೇಡಿ. ಹೊಟ್ಟೆ ಹುಳದಿಂದನೂ ಏರುತ್ತೆ. ಆನೆಕಾಲು ರೋಗ ಇರೋ ಕಡೆ, ನಮ್ಮಲ್ಲಿ ಕಲಬುರಗಿ ಸುತ್ತಮುತ್ತ, ದಕ್ಷಿಣ ಕನ್ನಡ, ಇಂಥ ಜಾಗದವರಿಗೆ ಎಇಸಿ 3000 ದಾಟಿ ರಾತ್ರಿ ಹೊತ್ತು ಕೆಮ್ಮು ಉಬ್ಬಸ ಬಂದ್ರೆ ಅದು ಟ್ರಾಪಿಕಲ್ ಪಲ್ಮನರಿ ಈಸಿನೊಫಿಲಿಯಾ ಆಗಿರ್ಬಹುದು, ಅದಕ್ಕೆ ಔಷಧಿ ಡಿಇಸಿ ಮಾತ್ರೆ, ಮೂರು ವಾರದ ಕೋರ್ಸು, ಲಕ್ಷದ ಇಂಜೆಕ್ಷನ್ ಅಲ್ಲ. ಬಯೋಲಾಜಿಕ್ ಶುರು ಮಾಡೋ ಮುಂಚೆ ಹುಳದ ಸೋಂಕಿದ್ರೆ ವಾಸಿ ಮಾಡ್ಕೊಳ್ಳಿ ಅಂತ ಅವುಗಳಲ್ಲಿ ಹೆಚ್ಚಿನ ಔಷಧಿಗಳ ಲೇಬಲ್‌ನಲ್ಲೇ ಇದೆ.

ಎರಡನೇದು ಎಬಿಪಿಎ. ಆಸ್ಪರ್ಜಿಲಸ್ ಅನ್ನೋ ಫಂಗಸ್‌ಗೆ ಶ್ವಾಸನಾಳ ಅಲರ್ಜಿ ಮಾಡ್ಕೊಂಡು ಬರೋದು, ಐಜಿಇ ಸಾವಿರಗಟ್ಲೆ ಹೋಗುತ್ತೆ, ಕಂದು ಬಣ್ಣದ ಗಟ್ಟಿ ಕಫ ಬರುತ್ತೆ, ಎಕ್ಸ್‌ರೇ ನೋಡಿ ಟಿಬಿ ಅಂತ ತಿಳಿದು ಟಿಬಿ ಮಾತ್ರೆ ಕೊಟ್ಟಿರೋ ಕೇಸ್‌ಗಳೂ ನಮ್ಮ ದೇಶದಲ್ಲಿ ಕಡಿಮೆ ಇಲ್ಲ. ಇದ್ರ ಮೇಲೆ ಪ್ರಪಂಚವೇ ನೋಡೋ ಟ್ರಯಲ್‌ಗಳು ನಡೆದಿರೋದು ನಮ್ಮ ಚಂಡೀಗಢದ ಪಿಜಿಐ ಆಸ್ಪತ್ರೇಲೇ, ರಿತೇಶ್ ಅಗರ್ವಾಲ್ ಅವರ ತಂಡದಿಂದ. 2018ರಲ್ಲಿ ಪ್ರಕಟ ಆದ ಒಂದು ಟ್ರಯಲ್‌ನಲ್ಲಿ 131 ಜನರನ್ನ ಎರಡು ಗುಂಪು ಮಾಡಿ ಒಂದು ಗುಂಪಿಗೆ ಪ್ರೆಡ್ನಿಸೊಲೋನ್ (ವೈಸೊಲೋನ್‌ನಲ್ಲಿರೋ ಸ್ಟೆರಾಯ್ಡ್), ಇನ್ನೊಂದಕ್ಕೆ ಫಂಗಸ್ ಕೊಲ್ಲೋ ಇಟ್ರಾಕೊನಜೋಲ್ ಕೊಟ್ಟು ನೋಡಿದ್ರು, ಸ್ಟೆರಾಯ್ಡ್ ಗುಂಪಲ್ಲಿ ಶೇ. 100, ಇಟ್ರಾಕೊನಜೋಲ್ ಗುಂಪಲ್ಲಿ ಶೇ. 88 ಜನಕ್ಕೆ ಫಲ ಸಿಕ್ತು, ಸೈಡ್ ಎಫೆಕ್ಟ್ ಇಟ್ರಾಕೊನಜೋಲ್‌ನಲ್ಲಿ ಕಡಿಮೆ. ಶುಗರ್ ಇರೋರಿಗೆ ಇದು ಎಷ್ಟು ದೊಡ್ಡ ಮಾತು ಯೋಚಿಸಿ. ಒಂದೇ ಹುಷಾರು, ಇಟ್ರಾಕೊನಜೋಲ್ ಜೊತೆಗೆ ಬುಡೆಸೊನೈಡ್, ಫ್ಲೂಟಿಕಾಸೋನ್ ಇನ್ಹೇಲರ್ ಇದ್ರೆ ಅದ್ರಲ್ಲಿರೋ ಸ್ಟೆರಾಯ್ಡ್ ಮೈಯಲ್ಲಿ ಜಾಸ್ತಿ ಸೇರುತ್ತೆ, ಯಾವ ಇನ್ಹೇಲರ್ ಇದೆ ಅಂತ ಡಾಕ್ಟರ್‌ಗೆ ಹೆಸರು ಹೇಳಿನೇ ಕೇಳಿ.

ಒಂದೇ ಔಷಧಿ, ಸೋತಿದ್ದೂ ಅದೇ ಗೆದ್ದಿದ್ದೂ ಅದೇ

ಮೆಪೊಲಿಜುಮ್ಯಾಬ್ ಕಥೆ ಗೊತ್ತಾದ್ರೆ ಈ ಟೆಸ್ಟ್‌ಗಳಿಗೆ ನಾನ್ಯಾಕೆ ಇಷ್ಟು ಒದ್ದಾಡ್ತೀನಿ ಅಂತ ಅರ್ಥ ಆಗುತ್ತೆ. ಈಸಿನೊಫಿಲ್ ಬೆಳೆಯೋಕೆ ಐಎಲ್-5 ಅನ್ನೋ ಒಂದು ಸಿಗ್ನಲ್ ಬೇಕು, ಮೆಪೊಲಿಜುಮ್ಯಾಬ್ ಅದನ್ನ ಹಿಡಿದು ಹಾಕುತ್ತೆ. 2000ನೇ ಇಸವಿಯಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಟ್ರಯಲ್‌ನಲ್ಲಿ ಈಸಿನೊಫಿಲ್ ಸಂಖ್ಯೆ ಬಿತ್ತು, ಆಸ್ತಮಾ ಮಾತ್ರ ಸುಧಾರಿಸ್ಲಿಲ್ಲ. 2007ರಲ್ಲಿ 362 ಜನರ ಮೇಲೆ ಇನ್ನೊಂದು, ಅದ್ರಲ್ಲೂ ಹೇಳಿಕೊಳ್ಳೋ ಫಲ ಇಲ್ಲ. ಔಷಧಿ ಮೂಲೆಗೆ ಸೇರೋದ್ರಲ್ಲಿತ್ತು.

ಆದ್ರೆ ಆ ಟ್ರಯಲ್‌ಗಳಲ್ಲಿ ಆಸ್ತಮಾ ಇದೆ ಅನ್ನೋದೇ ಅರ್ಹತೆ ಆಗಿತ್ತು, ಈಸಿನೊಫಿಲ್ ಇದೆಯೋ ಇಲ್ವೋ ನೋಡಿ ಆರಿಸಿರ್ಲಿಲ್ಲ. 2009ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಮತ್ತು ಕೆನಡಾದ ಹ್ಯಾಮಿಲ್ಟನ್, ಎರಡು ಕಡೆಯವರು ಸ್ಟೆರಾಯ್ಡ್ ಕೊಟ್ರೂ ಈಸಿನೊಫಿಲ್ ಇಳೀದೇ ಇರೋರನ್ನ ಮಾತ್ರ ಆರಿಸಿ ಅದೇ ಔಷಧಿ ಕೊಟ್ರು. ಲೆಸ್ಟರ್‌ನಲ್ಲಿ ಇದ್ದಿದ್ದು ಬರೀ 61 ಜನ, ವರ್ಷಕ್ಕೆ ಸರಾಸರಿ ಅಟ್ಯಾಕ್ ಸುಳ್ಳು ಇಂಜೆಕ್ಷನ್ (ಔಷಧಿ ಇಲ್ಲದ, ಹೋಲಿಸೋಕೆ ಮಾತ್ರ ಕೊಡೋದು) ಗುಂಪಲ್ಲಿ 3.4, ಔಷಧಿ ಗುಂಪಲ್ಲಿ 2. ಹ್ಯಾಮಿಲ್ಟನ್‌ನಲ್ಲಿ ಇನ್ನೂ ಚಿಕ್ಕದು, 20 ಜನ, ಎಲ್ಲರೂ ಪ್ರೆಡ್ನಿಸೋನ್ ಮೇಲೇ ಬದುಕ್ತಿದ್ದವರು, ಅಲ್ಲಿ ಸ್ಟೆರಾಯ್ಡ್ ಡೋಸ್ ಶೇ. 80ಕ್ಕಿಂತ ಜಾಸ್ತಿ ಇಳಿಸೋಕೆ ಆಯ್ತು. 362 ಜನರಲ್ಲಿ ಕಾಣದೇ ಇದ್ದಿದ್ದು 20 ಜನರಲ್ಲಿ ಕಾಣ್ತು, ಯಾಕಂದ್ರೆ ಸರಿಯಾದ 20 ಜನ. ಆಮೇಲೆ 2014ರ ಮೆನ್ಸಾ ಟ್ರಯಲ್, 576 ಜನ, ಸುಳ್ಳು ಇಂಜೆಕ್ಷನ್ ತಗೊಂಡೋರಿಗೆ ವರ್ಷಕ್ಕೆ 1.74 ಅಟ್ಯಾಕ್, ಚರ್ಮದಡಿ ಮೆಪೊಲಿಜುಮ್ಯಾಬ್ ತಗೊಂಡೋರಿಗೆ 0.83. 2015ರ ನವೆಂಬರಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಅನುಮತಿ ಕೊಡೋ ಎಫ್‌ಡಿಎ ಒಪ್ಪಿಗೆ.

ನನ್ನ ಮಟ್ಟಿಗೆ ಇಡೀ ಸಿವಿಯರ್ ಆಸ್ತಮಾ ರಿಸರ್ಚ್‌ನಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಪಕ್ಕದ್ಮನೆಯವರಿಗೆ ಅದ್ಭುತವಾಗಿ ಕೆಲಸ ಮಾಡಿದ ಇಂಜೆಕ್ಷನ್ ನಿಮಗೆ ನೀರು ಚುಚ್ಚಿದ ಹಾಗಾದ್ರೆ ಔಷಧಿ ಕೆಟ್ಟದ್ದು ಅಂತಲ್ಲ, ಆಸ್ತಮಾ ಬೇರೆ.

ಈಗ ಒಂದೊಂದೇ ಇಂಜೆಕ್ಷನ್

ಒಮಾಲಿಜುಮ್ಯಾಬ್ ಎಲ್ಲಕ್ಕಿಂತ ಹಳೇದು, ಅಮೆರಿಕದಲ್ಲಿ 2003ರಿಂದ ಇದೆ. ಐಜಿಇಯನ್ನ ಹಿಡಿಯುತ್ತೆ, ಹಾಗಾಗಿ ಅಲರ್ಜಿ ಆಸ್ತಮಾಗೆ ಮಾತ್ರ, ಅಂದ್ರೆ ವರ್ಷಪೂರ್ತಿ ಇರೋ ಧೂಳಿನ ಹುಳ, ಜಿರಳೆ ತರದ್ದಕ್ಕೆ ಅಲರ್ಜಿ ಅಂತ ಟೆಸ್ಟಲ್ಲಿ ಬಂದಿರ್ಬೇಕು. ಡೋಸ್ ಎಲ್ಲರಿಗೂ ಒಂದೇ ಅಲ್ಲ, ತೂಕ ಮತ್ತು ಐಜಿಇ ನೋಡಿ ಚಾರ್ಟಲ್ಲಿ ಹುಡುಕಿ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಕೊಡ್ತಾರೆ, ತೂಕನೂ ಜಾಸ್ತಿ ಐಜಿಇನೂ ಜಾಸ್ತಿ ಇದ್ರೆ ಚಾರ್ಟಿಂದನೇ ಹೊರಗೆ ಹೋಗ್ತೀರ. ವಯಲ್ ಜಾಸ್ತಿ ಬೇಕಾದಷ್ಟೂ ಖರ್ಚೂ ಜಾಸ್ತಿ, ಆದ್ದರಿಂದ ಇದ್ರ ರೇಟ್ ಕೇಳೋವಾಗ ನಿಮ್ಮ ಡೋಸ್‌ಗೆ ಎಷ್ಟು ಅಂತ ಕೇಳಿ. 2011ರ 850 ಜನರ ಟ್ರಯಲ್‌ನಲ್ಲಿ ಅಟ್ಯಾಕ್ ಶೇ. 25 ಇಳೀತು, ಕೇಳೋಕೆ ಕಡಿಮೆ ಅನ್ಸುತ್ತೆ, ಆದ್ರೆ ಅವ್ರಲ್ಲೇ ಈಸಿನೊಫಿಲ್, ಫೀನೋ ಜಾಸ್ತಿ ಇದ್ದೋರಿಗೆ ಫಲ ಅದಕ್ಕಿಂತ ಚೆನ್ನಾಗಿತ್ತು. ಮಕ್ಕಳಿಗೆ ಇದ್ರಲ್ಲಿ ಬಹಳ ವರ್ಷದ ಅನುಭವ ಇದೆ, 6 ವರ್ಷದ ಮೇಲೆ ಕೊಡ್ತಾರೆ. ಇದನ್ನ ತಗೊಂಡ ಗರ್ಭಿಣಿಯರ ದಾಖಲೆ (ರಿಜಿಸ್ಟ್ರಿ) ಇಟ್ಟು ನೋಡಿದ್ದಾರೆ, ಮಗುವಿಗೆ ದೊಡ್ಡ ತೊಂದರೆ ಜಾಸ್ತಿ ಆಗಿರೋದು ಕಂಡಿಲ್ಲ, ಮದುವೆ ಆಗಿ ಮಗು ಬಗ್ಗೆ ಯೋಚಿಸ್ತಿರೋ ಹೆಣ್ಮಕ್ಕಳಿಗೆ ಇದು ಹೊಸ ಔಷಧಿಗಳಿಗಿಂತ ದೊಡ್ಡ ಸಮಾಧಾನ. ಮೈಮೇಲೆ ದದ್ದು ಏಳೋ ಹಳೇ ಪಿತ್ತಗಂಧೆ ಇದ್ರೆ ಅದಕ್ಕೂ ಇದೇ ಔಷಧಿ. ಅಪರೂಪಕ್ಕೆ, ಸಾವಿರದಲ್ಲಿ ಒಂದಿಬ್ಬರಿಗೆ, ಅನಾಫಿಲಾಕ್ಸಿಸ್ ಅನ್ನೋ ಜೀವಕ್ಕೇ ಅಪಾಯದ ಅಲರ್ಜಿ ಆಗುತ್ತೆ, ಅದಕ್ಕೇ ಮೊದ್ಲಿನ ಡೋಸ್‌ಗಳನ್ನ ಆಸ್ಪತ್ರೇಲೇ ತಗೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು ಬರ್ಬೇಕು.

ಈಸಿನೊಫಿಲ್ ಜಾಸ್ತಿ ಇರೋ ಜಾತಿಯ ಆಸ್ತಮಾಗೆ ಐಎಲ್-5 ಗುಂಪಿನ ಮೆಪೊಲಿಜುಮ್ಯಾಬ್ ಮತ್ತು ಬೆನ್ರಾಲಿಜುಮ್ಯಾಬ್. (ರೆಸ್ಲಿಜುಮ್ಯಾಬ್ ಅಂತನೂ ಇದೆ, ಡ್ರಿಪ್ ಹಾಕಿ ಕೊಡೋದು, 18 ದಾಟಿದವರಿಗೆ ಮಾತ್ರ, ಅದನ್ನ ಬಿಡೋಣ.) ಮೆಪೊಲಿಜುಮ್ಯಾಬ್ ನಾಲ್ಕು ವಾರಕ್ಕೊಮ್ಮೆ 100 ಮಿಲಿಗ್ರಾಂ. ಬೆನ್ರಾಲಿಜುಮ್ಯಾಬ್ ಮೊದಲ ಮೂರು ಡೋಸ್ ನಾಲ್ಕು ವಾರಕ್ಕೊಂದು, ಆಮೇಲೆ ಎಂಟು ವಾರಕ್ಕೊಂದು, ಯಾಕಂದ್ರೆ ಇದು ಸಿಗ್ನಲ್ ಬದ್ಲು ಈಸಿನೊಫಿಲ್ ಮೇಲೆ ಆ ಸಿಗ್ನಲ್ ಹಿಡಿಯೋ ರಿಸೆಪ್ಟರ್‌ಗೇ ಅಂಟ್ಕೊಂಡು ಆ ಕಣನ ಪೂರ್ತಿ ಸಾಯಿಸುತ್ತೆ. ದೂರದ ಊರಿಂದ ಬಸ್ ಹತ್ತಿ ಬರೋರಿಗೆ ಎರಡು ತಿಂಗಳಿಗೊಮ್ಮೆ ಅನ್ನೋದು ಸಣ್ಣ ವಿಷಯ ಅಲ್ಲ. ದಿನಾ ಸ್ಟೆರಾಯ್ಡ್ ಮಾತ್ರೆ ನುಂಗೋರ ಮೇಲೆ ಎರಡರದ್ದೂ ಟ್ರಯಲ್ ಆಗಿದೆ: ಮೆಪೊಲಿಜುಮ್ಯಾಬ್‌ನ ಸಿರಿಯಸ್ ಟ್ರಯಲ್‌ನಲ್ಲಿ 135 ಜನ, ಮಧ್ಯದ ಲೆಕ್ಕದಲ್ಲಿ ಸ್ಟೆರಾಯ್ಡ್ ಶೇ. 50 ಇಳೀತು, ಸುಳ್ಳು ಇಂಜೆಕ್ಷನ್ ಗುಂಪಲ್ಲಿ ಏನೂ ಇಳೀಲಿಲ್ಲ. ಬೆನ್ರಾಲಿಜುಮ್ಯಾಬ್‌ನ ಜೋಂಡಾದಲ್ಲಿ 220 ಜನ, ಅಲ್ಲಿ ಶೇ. 75, ಸುಳ್ಳು ಗುಂಪಲ್ಲೂ ಶೇ. 25. ಈಗ 75 ದೊಡ್ಡದಾ 50 ದೊಡ್ಡದಾ ಅಂತ ಕೂತ್ಕೋಬೇಡಿ, ಎರಡರಲ್ಲೂ ಔಷಧಿಗೂ ಸುಳ್ಳು ಇಂಜೆಕ್ಷನ್‌ಗೂ ಇರೋ ಅಂತರ ನೋಡಿ, ಅದು ಎರಡು ಕಡೆನೂ 50ರ ಹತ್ತಿರಾನೇ ಇದೆ. ನಂಗೆ ತಿಳಿದ ಮಟ್ಟಿಗೆ ಇವೆರಡರ ಮಧ್ಯೆ ಆರಿಸೋದು ರೇಟು, ಓಡಾಟ, ನಿಮ್ಮೂರಲ್ಲಿ ಸಿಗೋದು, ಇವುಗಳ ಮೇಲೇನೇ.

ಡುಪಿಲುಮ್ಯಾಬ್ ಐಎಲ್-4, ಐಎಲ್-13 ಅನ್ನೋ ಬೇರೆ ಎರಡು ಸಿಗ್ನಲ್‌ಗಳ ದಾರಿನೂ ಮುಚ್ಚುತ್ತೆ. 2018ರ ಕ್ವೆಸ್ಟ್ ಟ್ರಯಲ್‌ನಲ್ಲಿ 1902 ಜನ ಇದ್ರು, ಅಟ್ಯಾಕ್ ಶೇ. 46ರಿಂದ 48 ಕಡಿಮೆ. ಆದ್ರೆ ಈಸಿನೊಫಿಲ್ 150ಕ್ಕಿಂತ ಕೆಳಗೆ, ಫೀನೋ 25ಕ್ಕಿಂತ ಕೆಳಗೆ, ಎರಡೂ ಕಡಿಮೆ ಇದ್ದೋರಿಗೆ ಲಾಭ ಕಾಣ್ಲಿಲ್ಲ. ಇದ್ರ ದೊಡ್ಡ ಗುಣ ಅಂದ್ರೆ ಆಸ್ತಮಾ ಜೊತೆಗೆ ಚರ್ಮದ ಎಗ್ಜಿಮಾ ಇದ್ರೂ, ಮೂಗಿನ ಪಾಲಿಪ್ ಇದ್ರೂ ಒಂದೇ ಇಂಜೆಕ್ಷನ್ ಮೂರಕ್ಕೂ ಆಗುತ್ತೆ. ವಾಸನೆನೇ ಗೊತ್ತಾಗದೇ, ಪಾಲಿಪ್ ಆಪರೇಷನ್ ಮಾಡಿಸಿದ್ರೂ ಮತ್ತೆ ಮತ್ತೆ ಬೆಳೀತಿದೆ ಅನ್ನೋರು ಇದನ್ನ ಮೊದ್ಲು ಕೇಳಿ. ತೊಂದರೆ ಏನಂದ್ರೆ ಎರಡು ವಾರಕ್ಕೊಂದು ಚುಚ್ಚು, ಮನೇಲೇ ಹಾಕ್ಕೊಳ್ಳೋದು ಕಲೀಬೇಕು, ಫ್ರಿಜ್ ಬೇಕು, ಕರೆಂಟ್ ಹೋಗೋ ಊರಲ್ಲಿ ಅದೂ ಯೋಚನೆನೇ. ಶುರು ಮಾಡಿದ್ಮೇಲೆ ರಕ್ತದಲ್ಲಿ ಈಸಿನೊಫಿಲ್ ಸ್ವಲ್ಪ ದಿನ ಏರುತ್ತೆ, ಅದಕ್ಕೇ ಮೊದ್ಲೇ 1500 ದಾಟಿರೋರಿಗೆ ಇದನ್ನ ಕೊಡೋಕೆ ಹಿಂದೇಟು ಹಾಕ್ತಾರೆ, ಅಂಥವರಿಗೆ ಐಎಲ್-5 ಗುಂಪೇ ಸೇಫು.

ಟೆಜೆಪೆಲುಮ್ಯಾಬ್ ಇನ್ನೂ ಮೇಲಿನ ಹಂತದಲ್ಲಿ, ಶ್ವಾಸನಾಳದ ಗೋಡೆಯಿಂದ ಬರೋ ಟಿಎಸ್‌ಎಲ್‌ಪಿ ಅನ್ನೋ ಅಲಾರಂನೇ ತಡೆಯುತ್ತೆ. 2021ರ ನ್ಯಾವಿಗೇಟರ್ ಟ್ರಯಲ್, 1061 ಜನ, ವರ್ಷಕ್ಕೆ ಅಟ್ಯಾಕ್ 2.10 ಬದ್ಲು 0.93. ಮುಖ್ಯ ಏನಂದ್ರೆ ಈಸಿನೊಫಿಲ್ 300ಕ್ಕಿಂತ ಕಡಿಮೆ ಇದ್ದೋರಲ್ಲೂ 1.73ರ ಬದ್ಲು 1.02 ಆಯ್ತು, ಅಲರ್ಜಿನೂ ಇಲ್ಲ, ಈಸಿನೊಫಿಲ್ಲೂ ಇಲ್ಲ ಅಂತ ಬೇರೆ ಎಲ್ಲ ಬಾಗಿಲು ಮುಚ್ಚಿರೋರಿಗೆ ಇಂಜೆಕ್ಷನ್‌ಗಳಲ್ಲಿ ಪುರಾವೆ ಇರೋದು ಇದೊಂದಕ್ಕೇ. ಆದ್ರೆ ಸ್ಟೆರಾಯ್ಡ್ ಮಾತ್ರೆ ಬಿಡಿಸೋದ್ರಲ್ಲಿ ಇದ್ರ ಸೋರ್ಸ್ ಟ್ರಯಲ್ ಗುರಿ ಮುಟ್ಟಲಿಲ್ಲ. ಅಂದ್ರೆ ನಿಮ್ಮ ಮುಖ್ಯ ಆಸೆ ವೈಸೊಲೋನ್ ನಿಲ್ಲಿಸೋದಾದ್ರೆ, ಈಸಿನೊಫಿಲ್ಲೂ ಜಾಸ್ತಿ ಇದ್ರೆ, ಹೊಸದು ಅನ್ನೋ ಕಾರಣಕ್ಕೆ ಇದ್ರ ಹಿಂದೆ ಹೋಗ್ಬೇಡಿ.

ಈಗ ಅಲರ್ಜಿನೂ ಇದೆ ಈಸಿನೊಫಿಲ್ಲೂ 500 ಇದೆ ಅನ್ನೋರೇ ಜಾಸ್ತಿ, ಅವ್ರೇನ್ ಮಾಡ್ಬೇಕು? ಚಿಕ್ಕಂದಿನಿಂದ ಆಸ್ತಮಾ, ಧೂಳು ಬಂದ ತಕ್ಷಣ ಸೀನು ದಮ್ಮು ಅನ್ನೋರಾದ್ರೆ ಒಮಾಲಿಜುಮ್ಯಾಬ್ ಕಡೆ ತಕ್ಕಡಿ ವಾಲುತ್ತೆ. ಮೂವತ್ತು ನಲವತ್ತು ದಾಟಿದ್ಮೇಲೆ ಶುರುವಾಗಿ, ಪಾಲಿಪ್ ಇದ್ದು, ಸ್ಟೆರಾಯ್ಡ್ ಮಾತ್ರೆ ನುಂಗಿದಾಗಷ್ಟೇ ಚೆನ್ನಾಗಿರ್ತೀನಿ ಅನ್ನೋರಾದ್ರೆ ಐಎಲ್-5 ಇಲ್ಲಾ ಡುಪಿಲುಮ್ಯಾಬ್.

ಇಂಜೆಕ್ಷನ್ ಕೈಗೆಟುಕದೇ ಇದ್ರೆ

ತಿಂಗಳಿಗೆ ಹತ್ತಾರು ಸಾವಿರ ಎಲ್ಲರ ಕೈಲೂ ಆಗಲ್ಲ, ಅದ್ರಲ್ಲಿ ನಾಚಿಕೆ ಪಡೋದೇನಿಲ್ಲ, ಮತ್ತೆ ದಾರಿನೇ ಇಲ್ಲ ಅಂತಲೂ ಅಲ್ಲ. ಶ್ವಾಸನಾಳ ಅಗಲ ಮಾಡೋ ಟಯೋಟ್ರೋಪಿಯಂ ಅನ್ನೋ ಇನ್ನೊಂದು ಇನ್ಹೇಲರ್‌ನ ಈಗಿರೋದಕ್ಕೆ ಸೇರಿಸಿದ್ರೆ ಏನಾಗುತ್ತೆ ಅಂತ 2012ರಲ್ಲಿ 912 ಜನರ ಮೇಲೆ ನೋಡಿದ್ರು, ದೊಡ್ಡ ಅಟ್ಯಾಕ್ ಅಪಾಯ ಶೇ. 21 ಇಳೀತು. ಬಯೋಲಾಜಿಕ್ ಖರ್ಚಿನ ಒಂದು ಚೂರಲ್ಲಿ ಇಷ್ಟು ಸಿಗೋದಾದ್ರೆ ಇದನ್ನ ನೋಡದೇ ಇಂಜೆಕ್ಷನ್‌ಗೆ ಹೋಗ್ಬಾರ್ದು ಅನ್ನೋದು ನನ್ನ ಅಭಿಪ್ರಾಯ. 

ಇನ್ನೊಂದು ಅಜಿತ್ರೊಮೈಸಿನ್. ಹೌದು, ಗಂಟಲು ನೋವಿಗೆ ಕೊಡೋ ಅದೇ ಮಾತ್ರೆ. ಆಸ್ಟ್ರೇಲಿಯಾದ ಅಮೇಜಸ್ ಟ್ರಯಲ್, 2017, 420 ಜನ, ವಾರಕ್ಕೆ ಮೂರು ಸಲ 500 ಮಿಲಿಗ್ರಾಂ, 48 ವಾರ. ಅಟ್ಯಾಕ್ ವರ್ಷಕ್ಕೆ 1.86ರ ಬದ್ಲು 1.07. ಈಸಿನೊಫಿಲ್ ಇರ್ಲಿ ಇಲ್ದೇ ಇರ್ಲಿ ಇಬ್ಬರಿಗೂ ಫಲ ಸಿಕ್ತು. ಇದನ್ನ ಓದಿ ಮೆಡಿಕಲ್ ಶಾಪಿಗೆ ಹೋಗ್ಬೇಡಿ ದಯವಿಟ್ಟು, ಮೊದ್ಲು ಇಸಿಜಿ ಬೇಕು, ಹೃದಯದ ಬಡಿತದ ಮೇಲೆ ಪರಿಣಾಮ ಆಗುತ್ತೆ, ಕಿವಿ ಕೇಳಿಸೋದು ಕಡಿಮೆ ಆಗ್ಬಹುದು, ಭೇದಿ ಆಗುತ್ತೆ, ಕಫದಲ್ಲಿ ಟಿಬಿ ಜಾತಿಯ ಬೇರೆ ಬ್ಯಾಕ್ಟೀರಿಯಾ ಇಲ್ಲ ಅಂತ ನೋಡ್ಬೇಕು. ಮೊದ್ಲೇ ಆಂಟಿಬಯೋಟಿಕ್ ಕೆಲಸ ಮಾಡದ ಸ್ಥಿತಿ ನಮ್ಮ ದೇಶದಲ್ಲಿ ಬಂದಿರೋವಾಗ ಇದನ್ನ ಡಾಕ್ಟರ್ ಇಲ್ದೆ ತಗೊಳ್ಳೋದು ಎಲ್ಲರಿಗೂ ಮಾಡೋ ಕೆಡುಕು.

ಬ್ರಾಂಕಿಯಲ್ ಥರ್ಮೊಪ್ಲಾಸ್ಟಿ ಅಂದ್ರೆ ಬ್ರಾಂಕೊಸ್ಕೋಪಿ ಮಾಡಿ (ಶ್ವಾಸನಾಳಕ್ಕೆ ಕ್ಯಾಮೆರಾ ಇರೋ ಟ್ಯೂಬ್ ಇಳಿಸಿ) ಅದರ ಗೋಡೆಗೆ ಬಿಸಿ ಕೊಟ್ಟು ಬೆಳೆದ ಸ್ನಾಯುವನ್ನ ಕಡಿಮೆ ಮಾಡೋದು, ಮೂರು ಸಲ, ಮೂರು ವಾರದ ಅಂತರ. 2010ರ ಏರ್-2 ಟ್ರಯಲ್‌ನಲ್ಲಿ 288 ಜನರಲ್ಲಿ ಕೆಲವರಿಗೆ ಬರೀ ಬ್ರಾಂಕೊಸ್ಕೋಪಿ ಮಾಡಿ ಬಿಸಿ ಕೊಡ್ದೇ ಕಳಿಸಿದ್ರು, ಯಾರಿಗೆ ಯಾವುದು ಅಂತ ಅವ್ರಿಗೆ ಗೊತ್ತಿರ್ಲಿಲ್ಲ. ಬಿಸಿ ಕೊಟ್ಟೋರಲ್ಲಿ ಶೇ. 79 ಜನಕ್ಕೆ ಜೀವನ ಸುಧಾರಿಸ್ತು ಅನ್ನಿಸ್ತು, ಸುಳ್ಳು ಪ್ರೊಸೀಜರ್ ಆದೋರಲ್ಲಿ ಶೇ. 64 ಜನಕ್ಕೂ ಹಾಗೇ ಅನ್ನಿಸ್ತು! ಮುಂದೆ ಅಟ್ಯಾಕ್ ಕಡಿಮೆ ಆಗಿದ್ದು ನಿಜ, ಆದ್ರೆ ಮಾಡಿದ ಹೊಸದ್ರಲ್ಲಿ ಆಸ್ಪತ್ರೆ ಸೇರೋದು ಜಾಸ್ತಿ ಆಗಿತ್ತು. ಬಯೋಲಾಜಿಕ್ ಬಂದ್ಮೇಲೆ ನಾನಾಗಿದ್ರೆ ಇದನ್ನ ಬಹಳ ಕೊನೇಗೆ ಇಡ್ತೀನಿ.

ಈ 64 ಅನ್ನೋ ನಂಬರ್‌ನ ತಲೇಲಿಟ್ಕೊಂಡ್ರೆ ಮೃಗಶಿರಾ ಮಳೆ ಟೈಮಲ್ಲಿ ಹೈದರಾಬಾದಿಗೆ ಮೀನಿನ ಮದ್ದಿಗೆ ಹೋಗಿ ಬಂದೋರು ಚೆನ್ನಾಗಾಯ್ತು ಅಂತ ಯಾಕೆ ಹೇಳ್ತಾರೆ ಅಂತನೂ ತಿಳಿಯುತ್ತೆ. ಅವ್ರು ಸುಳ್ಳು ಹೇಳ್ತಿಲ್ಲ, ಅವರಿಗೆ ಹಾಗೇ ಅನ್ಸಿರುತ್ತೆ. ಆಸ್ತಮಾ ತಾನಾಗೇ ಏರಿಳಿಯೋ ಕಾಯಿಲೆ, ತೀರಾ ಕೆಟ್ಟಾಗ ಮದ್ದು ಹುಡ್ಕೊಂಡು ಹೋಗ್ತೀವಿ, ಆಮೇಲೆ ಹೇಗಿದ್ರೂ ಸ್ವಲ್ಪ ಇಳಿಯುತ್ತೆ. ಅದಕ್ಕೇ ಸುಳ್ಳು ಇಂಜೆಕ್ಷನ್ ಗುಂಪು ಇಲ್ದೇ ಇರೋ ಯಾವ ಲೆಕ್ಕನೂ ನಂಬೋಕೆ ಆಗಲ್ಲ, ಇಂಗ್ಲಿಷ್ ಮದ್ದಾದ್ರೂ ಅಷ್ಟೇ ನಾಟಿ ಮದ್ದಾದ್ರೂ ಅಷ್ಟೇ. ಹೋದೋರು ದಯವಿಟ್ಟು ಇನ್ಹೇಲರ್ ಮಾತ್ರ ಬಿಡ್ಬೇಡಿ.

ಮತ್ತೆ ದಿನಾ ಸ್ಟೆರಾಯ್ಡ್ ಮಾತ್ರೆ. ಅಗ್ಗ, ಬೇಗ ಕೇಳುತ್ತೆ, ಅದಕ್ಕೇ ನಮ್ಮಲ್ಲಿ ಇಷ್ಟು ಓಡುತ್ತೆ. ಆದ್ರೆ ಶುಗರ್, ಮೂಳೆ ಸವೆಯೋದು, ಕಣ್ಣಿನ ಪೊರೆ, ಮುಖ ಊದೋದು, ಒಳಗಿನ ಅಡ್ರಿನಲ್ ಗ್ರಂಥಿ ಮಲಗಿಬಿಡೋದು, ಇದೆಲ್ಲ ವರ್ಷಗಟ್ಲೆ ನುಂಗಿದೋರಿಗೆ ಮಾತ್ರ ಅಲ್ಲ, ಬಿಟ್ಟು ಬಿಟ್ಟು ತಗೊಂಡ ಚಿಕ್ಕ ಕೋರ್ಸ್‌ಗಳೆಲ್ಲ ಸೇರಿ ಜೀವಮಾನದಲ್ಲಿ ಅರ್ಧದಿಂದ ಒಂದು ಗ್ರಾಂ ದಾಟಿದ್ರೇನೇ ಅಪಾಯ ಏರೋಕೆ ಶುರು ಅಂತ ದೊಡ್ಡ ಸ್ಟಡಿಗಳಲ್ಲಿ ಕಂಡಿದೆ. ದಿನಕ್ಕೆ 40 ಮಿಲಿಗ್ರಾಂನ ಐದು ದಿನದ ಕೋರ್ಸ್ ಅಂದ್ರೆ 200, ಅಂಥ ಐದು ಕೋರ್ಸಿಗೇ ಒಂದು ಗ್ರಾಂ. ಇಂಜೆಕ್ಷನ್ ದುಬಾರಿ ಅನ್ನೋವಾಗ ಈ ಕಡೆ ಕಟ್ತಿರೋ ಬೆಲೆನೂ ತಕ್ಕಡಿಗೆ ಹಾಕಿ.

ಶೇಕಡಾ ನೋಡೋವಾಗ

ಒಂದು ಟ್ರಯಲ್‌ನ 56ನ್ನೂ ಇನ್ನೊಂದರ 47ನ್ನೂ ಪಕ್ಕ ಪಕ್ಕ ಇಟ್ಟು ಮೊದಲ್ನೇದು ಗೆದ್ದಿತು ಅನ್ನೋ ಹಾಗಿಲ್ಲ, ಎರಡರಲ್ಲೂ ಜನ ಬೇರೆ, ಮೊದ್ಲೇ ಎಷ್ಟು ಅಟ್ಯಾಕ್ ಆಗಿರ್ಬೇಕು ಅನ್ನೋ ಷರತ್ತು ಬೇರೆ. ಇವು ಒಂದಕ್ಕೊಂದು ನೇರವಾಗಿ ಎದುರಾಗಿರೋ ದೊಡ್ಡ ಟ್ರಯಲ್‌ಗಳು ತೀರಾ ಕಡಿಮೆ. ಇನ್ನೂ ಒಂದು, ಹೆಚ್ಚಿನ ಟ್ರಯಲ್‌ಗಳಲ್ಲಿ ಬೀಡಿ ಸಿಗರೇಟ್ ಸೇದೋರನ್ನ ಸೇರಿಸ್ಕೊಂಡೇ ಇಲ್ಲ, ಇನ್ಹೇಲರ್ ಕೊಟ್ಟಾಗ ಸ್ಪೈರೋಮೆಟ್ರಿ ಸುಧಾರಿಸದೇ ಇರೋರನ್ನೂ ಬಿಟ್ಟಿದ್ದಾರೆ, ಆದ್ದರಿಂದ ಅಂಥವರು ಪೇಪರಲ್ಲಿರೋ ನಂಬರ್‌ನ ತಮ್ಮದು ಅಂತ ಅಂದ್ಕೋಬಾರ್ದು.

ದುಡ್ಡು, ಮತ್ತೆ ಟ್ರಯಲ್‌ಗೆ ಸೇರೋದು

ಇನ್ಶೂರೆನ್ಸ್ ಇದ್ರೆ ಏಜೆಂಟ್ ಬಾಯ್ಮಾತಿಗೆ ಬಿಡ್ಬೇಡಿ. ಇನ್ಶೂರೆನ್ಸ್ ಕಂಪನಿಗಳಿಗೆ ನಿಯಮ ಮಾಡೋ ಐಆರ್‌ಡಿಎಐ 2019ರ ನಿಯಮದಲ್ಲಿ ಹೊಸ ತರದ ಚಿಕಿತ್ಸೆಗಳ ಪಟ್ಟಿ ಮಾಡಿ ಇವುಗಳನ್ನ ಕವರ್‌ನಿಂದ ಹೊರಗಿಡ್ಬಾರ್ದು ಅಂತ ಹೇಳಿತ್ತು, ಆ ಪಟ್ಟೀಲಿ ಇಂಜೆಕ್ಷನ್ ಆಗಿ ಕೊಡೋ ಮಾನೊಕ್ಲೋನಲ್ ಆಂಟಿಬಾಡಿನೂ (ಒಂದೇ ಗುರಿಗೆ ಅಂಟೋ ಹಾಗೆ ಲ್ಯಾಬಲ್ಲಿ ಮಾಡಿದ ಆಂಟಿಬಾಡಿ) ಇದೆ, ಬ್ರಾಂಕಿಯಲ್ ಥರ್ಮೊಪ್ಲಾಸ್ಟಿನೂ ಇದೆ. ಮೇಲೆ ಹೇಳಿದ ಇಂಜೆಕ್ಷನ್‌ಗಳೆಲ್ಲ ಮಾನೊಕ್ಲೋನಲ್ ಆಂಟಿಬಾಡಿಗಳೇ. ಆದ್ರೆ ಕಂಪನಿಗಳು ಇಷ್ಟೇ ಅಂತ ಮಿತಿ ಹಾಕಿರ್ತಾವೆ, ಡೇ ಕೇರ್ ಅಡ್ಮಿಷನ್ ಬೇಕು ಅಂತಾವೆ, ಆಸ್ತಮಾ ಮೊದ್ಲೇ ಇತ್ತು ಅಂತ ಕಾಯೋ ಅವಧಿ ಇರುತ್ತೆ, ಪಾಲಿಸಿ ಕಾಗದದಲ್ಲಿ ಮಾಡರ್ನ್ ಟ್ರೀಟ್‌ಮೆಂಟ್ ಅನ್ನೋ ಭಾಗ ತೆಗೆದು ಓದಿ, ಮೊದ್ಲ ಡೋಸ್‌ಗೂ ಮುಂಚೆ ಇಮೇಲ್‌ನಲ್ಲಿ ಕೇಳಿ ಬರಹದಲ್ಲಿ ಉತ್ತರ ತಗೊಳ್ಳಿ. ಕಂಪನಿಗಳ ಪೇಷೆಂಟ್ ಸಪೋರ್ಟ್ ಸ್ಕೀಮ್ ಏನಾದ್ರೂ ಇದೆಯಾ ಅಂತ ಡಾಕ್ಟರ್ ಹತ್ರನೇ ಕೇಳಿ.

ಹೊಸ ಔಷಧಿ ಟ್ರಯಲ್‌ಗೆ ಸೇರೋದೂ ಒಂದು ದಾರಿ. ಆರು ತಿಂಗಳಿಗೊಂದೇ ಇಂಜೆಕ್ಷನ್ ಸಾಕು ಅನ್ನೋ ಡೆಪೆಮೊಕಿಮ್ಯಾಬ್‌ನ ಫಲಿತಾಂಶ 2024ರಲ್ಲಿ ಬಂತು, ಅದೇ ವರ್ಷ ಅಬ್ರಾ ಅನ್ನೋ ಟ್ರಯಲ್‌ನಲ್ಲಿ ಈಸಿನೊಫಿಲ್ ಅಟ್ಯಾಕ್ ಆದಾಗಲೇ ಬೆನ್ರಾಲಿಜುಮ್ಯಾಬ್ ಕೊಟ್ಟು ನೋಡಿದ್ರು, 90 ದಿನದಲ್ಲಿ ಚಿಕಿತ್ಸೆ ಸೋತಿದ್ದು ಬರೀ ಸ್ಟೆರಾಯ್ಡ್ ಗುಂಪಲ್ಲಿ ಶೇ. 74, ಇಂಜೆಕ್ಷನ್ ಪಡೆದೋರಲ್ಲಿ ಶೇ. 45. ನಮ್ಮ ದೇಶದಲ್ಲಿ ನಡೆಯೋ ಟ್ರಯಲ್‌ಗಳನ್ನ ಸಿಟಿಆರ್‌ಐ ಅನ್ನೋ ಸರ್ಕಾರಿ ಟ್ರಯಲ್ ದಾಖಲೆ ವೆಬ್‌ಸೈಟಲ್ಲಿ ರಿಜಿಸ್ಟರ್ ಮಾಡೋದು 2009ರಿಂದ ಕಡ್ಡಾಯ, ಅಲ್ಲಿ ಆಸ್ತಮಾ ಅಂತ ಹುಡುಕಿದ್ರೆ ಯಾವ ಊರಲ್ಲಿ ನಡೀತಿದೆ ಅಂತ ಕಾಣುತ್ತೆ. ಸೇರೋ ಮುಂಚೆ ಕೇಳ್ಬೇಕಾದ್ದು: ನಂಗೆ ಸುಳ್ಳು ಇಂಜೆಕ್ಷನ್ ಬೀಳೋ ಸಾಧ್ಯತೆ ಎಷ್ಟು, ಈಗಿನ ಇನ್ಹೇಲರ್ ಮುಂದುವರಿಯುತ್ತಾ, ಮಧ್ಯರಾತ್ರಿ ದಮ್ಮು ಬಂದ್ರೆ ಯಾರಿಗೆ ಫೋನ್ ಮಾಡ್ಬೇಕು, ಟ್ರಯಲ್ ಮುಗಿದ್ಮೇಲೆ ಔಷಧಿ ಸಿಗುತ್ತಾ, ಒಪ್ಪಿಗೆ ಪತ್ರ ಕನ್ನಡದಲ್ಲಿ ಇದೆಯಾ. 2019ರ ಕ್ಲಿನಿಕಲ್ ಟ್ರಯಲ್ ನಿಯಮದ ಪ್ರಕಾರ ಟ್ರಯಲ್‌ನಿಂದ ಹಾನಿ ಆದ್ರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೆ ಹಕ್ಕಿದೆ, ಯಾವಾಗ ಬೇಕಾದ್ರೂ ಹೊರಗೆ ಬರ್ಬಹುದು. ಸಹಿ ಹಾಕಿದ ಕಾಗದದ ಒಂದು ಕಾಪಿ ಕೇಳಿ ತಗೊಳ್ಳಿ.

ಶುರು ಮಾಡಿದ್ಮೇಲೆ

ಯಾವುದೇ ಇಂಜೆಕ್ಷನ್ ಆದ್ರೂ ಕಡೇಪಕ್ಷ ನಾಲ್ಕು ತಿಂಗಳು ನೋಡಿ ಅಂತ ಜೀನಾ ಹೇಳುತ್ತೆ, ಸ್ಪಷ್ಟ ಆಗದೇ ಇದ್ರೆ ಆರರಿಂದ ಹನ್ನೆರಡು ತಿಂಗಳು. ಅದಕ್ಕೆ ಲೆಕ್ಕ ಬೇಕು, ಹೋದ ವರ್ಷ ಎಷ್ಟು ಅಟ್ಯಾಕ್, ಎಷ್ಟು ಸ್ಟೆರಾಯ್ಡ್ ಕೋರ್ಸ್, ಎಷ್ಟು ಸಲ ಆಸ್ಪತ್ರೆ ಅಂತ ಮೊದ್ಲ ಡೋಸ್‌ಗೆ ಮುಂಚೆನೇ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ, ಇಲ್ದಿದ್ರೆ ನಾಲ್ಕು ತಿಂಗಳಾದ್ಮೇಲೆ ಮೊದ್ಲು ಹೇಗಿತ್ತು ಅಂತ ಮರೆತೇ ಹೋಗುತ್ತೆ. ಫಲ ಇಲ್ಲ ಅಂದ್ರೆ ನಿಲ್ಲಿಸಿ ಬೇರೆ ಗುಂಪಿನದ್ದಕ್ಕೆ ಬದಲಾಯಿಸೋದು ಮಾಮೂಲು, ಸಂಕೋಚ ಪಟ್ಕೊಂಡು ಮುಂದುವರಿಸ್ಬೇಡಿ. ಫಲ ಸಿಕ್ಕಿದ್ರೂ ಇನ್ಹೇಲರ್ ಬಿಡೋ ಹಾಗಿಲ್ಲ, ಕಡಿಮೆ ಮಾಡೋದಾದ್ರೂ ಡಾಕ್ಟರ್ ಹೇಳಿದ ಮೇಲೆ, ಹಂತ ಹಂತವಾಗಿ.

ದಿನಾ ಸ್ಟೆರಾಯ್ಡ್ ಮಾತ್ರೆ ತಗೋತಿದ್ದೋರು ಇದನ್ನ ಮನೆಯವರಿಗೂ ಓದಿ ಹೇಳಿ. ಇಂಜೆಕ್ಷನ್ ಹಾಕಿಸ್ಕೊಂಡು ಎರಡೇ ತಿಂಗಳಿಗೆ ಉಸಿರು ಹಗುರ ಆಯ್ತು ಅಂತ ಖುಷಿಗೆ ವೈಸೊಲೋನ್ ಒಂದೇ ಸಲ ನಿಲ್ಲಿಸಿಬಿಟ್ರೆ ಮಲಗಿರೋ ಅಡ್ರಿನಲ್ ಗ್ರಂಥಿ ಕೈಕೊಡುತ್ತೆ, ತಲೆಸುತ್ತು, ವಾಂತಿ, ಬಿಪಿ ಬೀಳೋದು, ಜೀವಕ್ಕೇ ಅಪಾಯ. ಡೋಸ್‌ನ ನಿಧಾನಕ್ಕೆ ಇಳಿಸ್ಬೇಕು, ಕೊನೇ 5 ಮಿಲಿಗ್ರಾಂ ಹತ್ರ ಬಂದಾಗ ಇನ್ನೂ ನಿಧಾನ, ಬೆಳಿಗ್ಗೆ ಹೊತ್ತು ರಕ್ತದಲ್ಲಿ ಕಾರ್ಟಿಸಾಲ್ (ಆ ಗ್ರಂಥಿನೇ ಮಾಡೋ ಸ್ಟೆರಾಯ್ಡ್) ಟೆಸ್ಟ್ ಮಾಡಿಸಿ ಗ್ರಂಥಿ ಎದ್ದಿದೆ ಅಂತ ಖಾತ್ರಿಯಾದ್ಮೇಲೆನೇ ಪೂರ್ತಿ ನಿಲ್ಲಿಸೋದು. ಆ ಇಳಿಸೋ ಪಟ್ಟಿನ ಡಾಕ್ಟರ್ ಹತ್ರ ವಾರದ ಲೆಕ್ಕದಲ್ಲಿ ಬರೆಸ್ಕೊಂಡು ಬನ್ನಿ.